ಕುಳಿತುಕೊಳ್ಳಗೊಡದ ಕಾಲುಗಳು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲ ವಿಜ್ಞಾನದ ವಿಷಯವಾಗಿ ಏನಾದರೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ನಗು ಬಂದಿತು. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಜಮಾ ಖರ್ಚು ನೋಡುತ್ತ ಮೂವತ್ತು ದಾಟಿದ ಗುಮಾಸ್ತರು ನಾವು. ಬೇಕಾದರೆ ಬ್ಯಾಂಕಿನ ವ್ಯವಹಾರದ ಮೇಲೆ ನಾಲ್ಕು ಮಾತು ಹೇಳುತ್ತೇವೆಂದೆವು. "ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೇಳಿದವರಿಗೆ ಸಾಲ ಕೊಡುವುದಿಲ್ಲ, ಬೇಡವೆಂದವರಿಗೆ ಫೋನು ಮಾಡಿ ಕೊಡುತ್ತೀರಿ, ಅಷ್ಟೆ ತಾನೆ?" ಎಂದು ಅವರು ಬಾಯಿ ಮುಚ್ಚಿಸಿದರು. ಆಮೇಲೆ ಯೋಚಿಸಿ ನೋಡಲಾಗಿ, ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ನೆನಪಿಗೆ ಬಂದಿತು. ಅದರ ಬೆನ್ನು ಹತ್ತಿ ನಾವು ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇವೆ.

ಚಿಕ್ಕಂದಿನಲ್ಲಿ ನಾವೆಲ್ಲರೂ ಕೇಳಿದ ಗದರಿಕೆಯೊಂದುಂಟು. ಕುಳಿತಲ್ಲಿ ಕಾಲು ಅಲ್ಲಾಡಿಸಬೇಡ, ಮನೆಗೆ ದರಿದ್ರ ಬರುತ್ತದೆ! ಮಾತಿನ ಜೊತೆಗೆ ತೊಡೆಯ ಮೇಲೊಂದು ಏಟೂ ಬೀಳುತ್ತಿತ್ತು. ಒಂದು ಕಡೆ ನಿಲ್ಲದವನನ್ನು, ಕುಳಿತು ಏಳುವವನನ್ನು ಕಂಡರೆ ನಮಗೆ ಮೊದಲು ತೋರುವುದು ಅವನ ನಡತೆಯ ಲೋಪ. ವಯಸ್ಸಾದವರಾದರೆ ಮನಸ್ಸಿನ ಕೊರಗು ಎನ್ನುತ್ತೇವೆ. ನಡತೆಯೂ ಅಲ್ಲದ, ಕೊರಗೂ ಅಲ್ಲದ ಮೂರನೆಯ ಕಾರಣವೊಂದು ಇದ್ದೀತೆಂದು ನಮಗೂ ಹೊಳೆದಿರಲಿಲ್ಲ.

೨೦೨೩ರ ಮಳೆಗಾಲದಲ್ಲಿ ನಮ್ಮ ತಂದೆಯವರು ಹಾವೇರಿ ಸೀಮೆಯ ಹಳ್ಳಿಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಬಂದರು ಎನ್ನುವುದಕ್ಕಿಂತ, ತಾಯಿಯವರು ತೀರಿಕೊಂಡ ಮೇಲೆ ಒಬ್ಬರೇ ಇರಬಾರದೆಂದು ನಾವು ಗಂಡಹೆಂಡಿರು ಹಟ ಹಿಡಿದು ಕರೆತಂದೆವು ಎನ್ನುವುದೇ ಸರಿ. ಎಪ್ಪತ್ತೆರಡು ವರ್ಷ, ಹೊಲದಲ್ಲಿ ನಡೆದ ಕಾಲು, ನಮ್ಮದು ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಬಂದ ತಿಂಗಳಿನಲ್ಲಿಯೇ ಅವರಿಗೆ ತಲೆಸುತ್ತು, ವಾಂತಿ ಕಾಣಿಸಿಕೊಂಡವು. ವೈದ್ಯರು ಪ್ರೊಕ್ಲೋರ್‌ಪೆರಜೀನ್ ಎಂಬ ಗುಳಿಗೆಯನ್ನು ಐದು ದಿನಕ್ಕೆಂದು ಬರೆದುಕೊಟ್ಟರು. ತಲೆಸುತ್ತು ನಿಂತಿತು, ಗುಳಿಗೆ ಮಾತ್ರ ನಿಲ್ಲಲಿಲ್ಲ. ಮತ್ತೆ ಬಂದೀತೆಂಬ ಹೆದರಿಕೆಯಿಂದ ಹಳೆಯ ಚೀಟಿಯನ್ನೇ ತೋರಿಸಿ ಅಂಗಡಿಯಿಂದ ತಂದು ತಂದು ಕೊಟ್ಟವರು ನಾವು. ಲೆಕ್ಕ ಬರೆಯುವವರು ಐದು ದಿನವೆಂದರೆ ಐದು ದಿನವೆಂದು ಓದಲಾರದೆ ಹೋದೆವು.

ಎರಡನೆಯ ವಾರ ಕಳೆಯುವ ಹೊತ್ತಿಗೆ ಅವರು ಒಂದು ಕಡೆ ಕೂಡದಾದರು. ಕುಳಿತವರು ಏಳುವರು, ಎದ್ದವರು ಬಾಗಿಲ ತನಕ ಹೋಗಿ ಬರುವರು, ನಿಂತರೆ ನಿಂತಲ್ಲಿಯೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವರು. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೆಯೇ ಆರುವುದು. ರಾತ್ರಿಯೆಲ್ಲ ಹೆಜ್ಜೆಯ ಸಪ್ಪಳ. ಕೆಳಗಿನ ಮನೆಯವರು ಬಂದು ಮರ್ಯಾದೆಯಿಂದಲೇ ವಿಚಾರಿಸಿದರು. ನಾವು ಊರ ಹಂಬಲವೆಂದು ತೀರ್ಮಾನ ಮಾಡಿಕೊಂಡೆವು. ಪರಸ್ಥಳದಲ್ಲಿ ನೆಲಸಿದ ನಮ್ಮಂಥವರಿಗೆ ಆ ಕಾರಣ ಎಷ್ಟು ಬೇಗ ಕೈಗೆ ಸಿಗುತ್ತದೆ! ಹಿರಿಯರು ಸಪ್ಪಗಿದ್ದರೆ ಊರ ಹಂಬಲ, ಉಣ್ಣದಿದ್ದರೆ ಊರ ಹಂಬಲ, ನಿದ್ದೆ ಬಾರದಿದ್ದರೂ ಅದೇ. ಒಂದು ರಾತ್ರಿ, ಬೆಳಗಿನ ಏಳರ ಲೋಕಲ್ ಹಿಡಿಯಬೇಕೆಂಬ ಸಿಟ್ಟಿನಲ್ಲಿ, "ಒಂದು ಗಳಿಗೆ ಸುಮ್ಮನೆ ಕೂಡಲಿಕ್ಕಾಗುವುದಿಲ್ಲವೆ?" ಎಂದು ಗದರಿಸಿಬಿಟ್ಟೆವು. ಅವರು ಗೋಡೆ ಹಿಡಿದು ನಿಂತು ಹೇಳಿದ ಮಾತು ಇದು: "ಕುಂದ್ರಬೇಕಂತ ನನಗೂ ಐತಿ ತಮ್ಮಾ. ಕಾಲು ಕುಂದ್ರಾಕ ಬಿಡವಲ್ಲವು."

ಆ ವಾರ ಅವರನ್ನು ಒಬ್ಬ ನರರೋಗ ತಜ್ಞೆಯ ಬಳಿಗೆ ಕರೆದುಕೊಂಡು ಹೋದೆವು. ಊರ ಹಂಬಲದ ಕಥೆಯನ್ನು ನಾವು ಆರಂಭಿಸುವುದರೊಳಗೆ ಆಕೆ, "ಅದು ಇರಲಿ, ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ? ಎಲ್ಲವನ್ನೂ ಮೇಜಿನ ಮೇಲಿಡಿ" ಎಂದರು. ಇಟ್ಟೆವು. ಎರಡು ನಿಮಿಷ ತಂದೆಯವರನ್ನು ಕುಳ್ಳಿರಿಸಿ ನೋಡಿದರು, ಎರಡು ನಿಮಿಷ ನಿಲ್ಲಿಸಿ ನೋಡಿದರು, ಒಳಗೆ ಹೇಗೆನ್ನಿಸುತ್ತದೆ ಎಂದು ಕೇಳಿದರು. ಆಮೇಲೆ ಒಂದು ಹೆಸರು ಹೇಳಿದರು: ಅಕಥೀಸಿಯ. ಹೀಗೆ ಕುಳ್ಳಿರಿಸಿ, ನಿಲ್ಲಿಸಿ, ಕೇಳಿ ಅಳೆಯುವ ಕ್ರಮವನ್ನು ಲಂಡನ್ನಿನ ಬಾರ್ನ್ಸ್ ಎಂಬ ವೈದ್ಯರು ೧೯೮೯ರಲ್ಲಿ ಪ್ರಕಟಿಸಿದರೆಂದು ನಮಗೆ ಆಮೇಲೆ ತಿಳಿಯಿತು.

ಹೆಸರು ಗ್ರೀಕ್ ಮೂಲದ್ದು. ಕುಳಿತಿರಲಾರದಿರುವುದು ಎಂದು ಅರ್ಥ. ಈ ಹೆಸರನ್ನಿಟ್ಟವನು ಪ್ರಾಗ್ ನಗರದ ಹಷ್ಕೊವೆಟ್ಸ್ ಎಂಬ ನರವೈದ್ಯ, ೧೯೦೧ರಲ್ಲಿ. ಕುಳಿತುಕೊಳ್ಳಲಾರದ ಇಬ್ಬರು ರೋಗಿಗಳನ್ನು ಅವನು ವರ್ಣಿಸಿದ. ಆಗ ಈಗಿನ ಗುಳಿಗೆಗಳಲ್ಲಿ ಒಂದೂ ಹುಟ್ಟಿರಲಿಲ್ಲವೆಂಬುದನ್ನು ತಾವು ಗಮನಿಸಬೇಕು. ಇದು ಮನಸ್ಸಿನ ದೌರ್ಬಲ್ಯದಿಂದ ಬಂದದ್ದೆಂದು ಅವನೂ ಎಣಿಸಿದ. ಅಂದರೆ ನಮ್ಮ ಹಾಗೆಯೇ. ಮುಂದೆ ೧೯೧೭ರಲ್ಲಿ ವಿಯೆನ್ನಾದ ಫಾನ್ ಎಕೊನೊಮೊ ಒಂದು ಬಗೆಯ ಮಿದುಳಿನ ಉರಿಯೂತವನ್ನು ವರ್ಣಿಸಿದನಷ್ಟೆ. ಆ ಸಾಂಕ್ರಾಮಿಕದಲ್ಲಿ ಬದುಕಿ ಉಳಿದ ಅನೇಕರಿಗೆ ಪಾರ್ಕಿನ್‌ಸನ್ ರೋಗದಂತಹ ಬಿಗಿತ ಬಂದಿತು, ಕೆಲವರಿಗೆ ಬಿಗಿತದ ಜೊತೆಗೆ ಕೂಡಲಾರದ ಚಡಪಡಿಕೆಯೂ ಬಂದಿತು. ಮನಸ್ಸಿನ ಮಾತಲ್ಲ, ಮಿದುಳಿನದು ಎಂಬ ಅನುಮಾನಕ್ಕೆ ಅಲ್ಲಿಂದ ಆಧಾರ ದೊರೆಯಿತು.

ಮೂರನೆಯ ಅಧ್ಯಾಯಕ್ಕೆ ನಮ್ಮ ದೇಶದ, ಅದರಲ್ಲಿಯೂ ನಾವಿರುವ ಈ ಮುಂಬಯಿಯ ನಂಟುಂಟು. ಸರ್ಪಗಂಧ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸಣ್ಣ ಗಿಡ. ಅದರ ಬೇರನ್ನು ಉತ್ತರ ದೇಶದಲ್ಲಿ ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. ೧೯೩೧ರಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು, ಇದು ಚಿತ್ತವಿಕಾರಕ್ಕೂ ರಕ್ತದ ಒತ್ತಡಕ್ಕೂ ಒದಗುವುದೆಂದು ಬರೆದರು. ೧೯೪೯ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಇದರ ಪರೀಕ್ಷೆ ಮಾಡಿ ಬ್ರಿಟನ್ನಿನ ಹೃದಯವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಈ ಬೇರಿನ ಕಡೆ ತಿರುಗಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದರ ಸಾರವನ್ನು ಬೇರ್ಪಡಿಸಿ ರಿಸರ್ಪಿನ್ ಎಂದು ಹೆಸರಿಟ್ಟರು. ಅದೇ ೧೯೫೨ರಲ್ಲಿ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬವರು ಕ್ಲೋರ್‌ಪ್ರೊಮಜೀನ್ ಎಂಬ ಇನ್ನೊಂದು ಔಷಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟರು. ಎರಡರಿಂದಲೂ ಉದ್ರೇಕ ತಗ್ಗಿತು. ವರ್ಷಗಟ್ಟಲೆ ಕೋಣೆಗಳಲ್ಲಿ ಕೂಡಿಹಾಕಲ್ಪಟ್ಟಿದ್ದವರು ಹೊರಗೆ ಬಂದರು. ಇದು ಸಣ್ಣ ಉಪಕಾರವಲ್ಲ. ಆದರೆ ಎರಡರಿಂದಲೂ ಕೆಲವರ ಮೈ ಬಿಗಿಯಿತು, ಕೆಲವರು ಕೂತಲ್ಲಿ ಕೂಡಲಾರದೆ ನಡೆಯತೊಡಗಿದರು.

ಶಾಂತಗೊಳಿಸತಕ್ಕ ಔಷಧ ಮನುಷ್ಯನನ್ನು ನಡೆದಾಡಿಸುವುದು ಹೇಗೆ? ಇದಕ್ಕೆ ಉತ್ತರದ ಮೊದಲ ಭಾಗವನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ತೋರಿಸಿದರು. ೧೯೫೭ರಲ್ಲಿ ಅವರೂ ಸಂಗಡಿಗರೂ ಮೊಲಗಳಿಗೆ ರಿಸರ್ಪಿನ್ ಚುಚ್ಚಿದರು. ಮೊಲಗಳು ಕಿವಿ ಜೋಲುಹಾಕಿ, ಅಲುಗದೆ ಬಿದ್ದುಕೊಂಡವು. ಆಗ ಡೋಪ ಎಂಬ ಪದಾರ್ಥವನ್ನು ಚುಚ್ಚಲಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡತೊಡಗಿದವು. ಡೋಪದಿಂದ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುತ್ತದೆ. ಚಲನೆಗೆ ಅದು ಬೇಕೇ ಬೇಕು. ೧೯೬೦ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ಪಾರ್ಕಿನ್‌ಸನ್ ರೋಗದಿಂದ ಸತ್ತವರ ಮಿದುಳಿನಲ್ಲಿ ಅದೇ ಡೋಪಮಿನ್ ಬಹಳವಾಗಿ ಕುಗ್ಗಿರುವುದನ್ನು ಕಂಡರು. ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ಬಂದಿತು. ಇಲ್ಲಿ ಒಂದು ಸಣ್ಣ ಮಾತು. ಈ ಡೋಪ ನಮ್ಮ ನಸುಗುನ್ನಿ ಬೀಜದಲ್ಲಿದೆ. ಅದನ್ನು ೧೯೩೭ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಮದರಾಸಿನಲ್ಲಿ ಬೇರ್ಪಡಿಸಿ ತೆಗೆದಿದ್ದರು. ಶಾಲೆಯಲ್ಲಿ ಗೆಳೆಯರ ಅಂಗಿಯೊಳಗೆ ನಸುಗುನ್ನಿ ಕಾಯಿಯ ರೋಮ ಉದುರಿಸಿ, ಅವರನ್ನು ಕುಳಿತಲ್ಲಿ ಕೂಡಗೊಡದೆ ಮಾಡಿದವರು ಈ ಸಭೆಯಲ್ಲಿಯೂ ಇದ್ದಾರೆ. ಕೈ ಎತ್ತುವುದು ಬೇಡ.

ಡೋಪಮಿನ್ ಮಾಡುವ ಕೆಲಸವನ್ನು ನಾವು ನಮ್ಮ ವೃತ್ತಿಯ ಮಾತಿನಲ್ಲಿ ಹೇಳಿಕೊಳ್ಳುವೆವು. ಮಿದುಳಿನ ಬುಡದಲ್ಲಿ ಕರಿಯ ಬಣ್ಣದ ಒಂದು ತಾಣವುಂಟು. ಲ್ಯಾಟಿನ್ನಿನಲ್ಲಿ ಅದರ ಹೆಸರಿನ ಅರ್ಥವೇ ಕಪ್ಪು ದ್ರವ್ಯ. ಅಲ್ಲಿಯ ನರಕೋಶಗಳು ಡೋಪಮಿನ್ ತಯಾರಿಸಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟು, ಬೇಕಾದಾಗ ಮುಂದಿನ ಕೋಶಕ್ಕೆ ಸಲ್ಲಿಸುತ್ತವೆ. ಪಡೆಯುವ ಕೋಶದ ಮೇಲೆ ಅದಕ್ಕೆಂದೇ ಕೌಂಟರುಗಳಿವೆ. ರಿಸರ್ಪಿನ್ ಮಾಡುವುದು ತಿಜೋರಿಯ ಬಾಗಿಲನ್ನು ಕೆಡಿಸುವ ಕೆಲಸ. ಹಣ ಒಳಗೆ ಹೋಗಲಾರದೆ ಹೊರಗೇ ಹಾಳಾಗುತ್ತದೆ. ಕ್ಲೋರ್‌ಪ್ರೊಮಜೀನ್ ಮತ್ತು ಅದರ ನಂಟಿನ ಗುಳಿಗೆಗಳದು ಬೇರೆ ರೀತಿ. ತಿಜೋರಿ ತುಂಬಿದೆ, ಹಣ ಬಂದಿದೆ. ಆದರೆ ಕೌಂಟರಿನ ಮುಂದೆ ಯಾರೋ ಅಡ್ಡ ನಿಂತುಬಿಟ್ಟಿದ್ದಾರೆ. ತಾವೂ ಕಟ್ಟುವುದಿಲ್ಲ, ಇನ್ನೊಬ್ಬರಿಗೂ ಎಡೆಗೊಡುವುದಿಲ್ಲ. ಇಂಥವರನ್ನು ನಾವು ಪ್ರತಿ ತಿಂಗಳ ಮೊದಲ ವಾರದಲ್ಲಿ ಕಾಣುತ್ತೇವೆ. ಸ್ಟಾಕ್‌ಹೋಮಿನಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದವರು, ಇಂತಹ ಕೌಂಟರುಗಳಲ್ಲಿ ನೂರಕ್ಕೆ ಸುಮಾರು ೮೦ಕ್ಕಿಂತ ಹೆಚ್ಚು ಮುಚ್ಚಿಹೋದಾಗ ಚಲನೆಯ ತೊಂದರೆಗಳು ಹೆಚ್ಚುತ್ತವೆಂದು ಕಂಡರು.

ಇಷ್ಟರಿಂದ ಬಿಗಿತ ಅರ್ಥವಾಯಿತು, ಚಡಪಡಿಕೆ ಅರ್ಥವಾಗಲಿಲ್ಲ. ಮೊಲಗಳು ಬಿದ್ದುಕೊಂಡವಲ್ಲ, ನಮ್ಮ ತಂದೆಯವರು ಏಕೆ ನಡೆದರು? ಇದಕ್ಕೆ ಈಗ ಹೇಳುವ ವಿವರಣೆಗಳಲ್ಲಿ ನಮಗೆ ಹಿಡಿಸಿದ್ದು ೨೦೧೧ರಲ್ಲಿ ಲೂನೆನ್ ಮತ್ತು ಸ್ಟಾಲ್ ಎಂಬವರು ಮಂಡಿಸಿದ್ದು. ಡೋಪಮಿನ್ ಹೋಗಿ ಮುಟ್ಟುವ ಪ್ರದೇಶ ಒಂದಲ್ಲ. ಒಂದು, ಕೈಕಾಲುಗಳ ಚಲನೆಯನ್ನು ಹದದಲ್ಲಿಡುವುದು. ಇನ್ನೊಂದು ಅದರ ಕೆಳಗಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಪುಟ್ಟ ಗಂಟು; ಬಯಕೆಗೂ ಚಲನೆಗೂ ಕೊಂಡಿ ಹಾಕುವ ಜಾಗ. ಈ ಎರಡನೆಯದರಲ್ಲಿ ಡೋಪಮಿನ್ ತಡೆಯಲ್ಪಟ್ಟರೆ ಮಿದುಳು ಆ ಕೊರತೆಯನ್ನು ತುಂಬಿಕೊಳ್ಳಲು ಇನ್ನೊಂದು ಶಾಖೆಗೆ ಕೂಗು ಹಾಕುತ್ತದಂತೆ. ಆ ಶಾಖೆ ಮಿದುಳಿನ ಕಾಂಡದಲ್ಲಿರುವ ನೀಲಿಯ ಛಾಯೆಯ ಒಂದು ಚುಕ್ಕೆ, ಲೋಕಸ್ ಸೆರೂಲಿಯಸ್. ಎಚ್ಚರ, ಭಯ, ಅಪಾಯದ ಹೊತ್ತಿನ ಸನ್ನಾಹ ಇವುಗಳಿಗೆ ಬೇಕಾದ ನಾರ್‌ಅಡ್ರಿನಲಿನ್ ಮಿದುಳಿಗೆಲ್ಲ ಸರಬರಾಜಾಗುವುದು ಹೆಚ್ಚಾಗಿ ಅಲ್ಲಿಂದಲೇ. ಅದು ಮಿತಿಮೀರಿ ಸುರಿದಾಗ ಮನುಷ್ಯನಿಗೆ ಕಾರಣವಿಲ್ಲದೆ ಏಳು, ನಡೆ, ಇಲ್ಲಿಂದ ಹೋಗು ಎಂಬ ಒತ್ತಾಯ ಹುಟ್ಟುತ್ತದೆ. ಕೌಂಟರು ಮುಚ್ಚಿದೆ, ಒಳಗೆ ಅಪಾಯದ ಗಂಟೆ ಮಾತ್ರ ಬಾರಿಸುತ್ತಲೇ ಇದೆ ಎನ್ನಬಹುದು.

ಇದೊಂದು ಊಹೆಯೇ ಹೊರತು ಮುಗಿದ ಲೆಕ್ಕವಲ್ಲ. ಆದರೆ ಇದನ್ನು ಬೆಂಬಲಿಸುವ ಸಾಕ್ಷ್ಯವುಂಟು. ಪಾರ್ಕಿನ್‌ಸನ್ ಬಿಗಿತವನ್ನು ಸಡಿಲಿಸುವ ಹಳೆಯ ಔಷಧಗಳು ಈ ಚಡಪಡಿಕೆಗೆ ಅಷ್ಟಾಗಿ ನಾಟುವುದಿಲ್ಲ. ಅದೇ ನಾರ್‌ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುವ ಪ್ರೊಪ್ರನೊಲಾಲ್, ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಗುಳಿಗೆ, ೧೯೮೦ರ ದಶಕದಿಂದ ಈಚೆಗೆ ಅನೇಕರ ಚಡಪಡಿಕೆಯನ್ನು ತಗ್ಗಿಸಿದೆ.

ಅಫೀಮಿನ ಜಾತಿಯ ಪದಾರ್ಥಗಳಿಗೆ ದಾಸರಾದವರು ಅದನ್ನು ಹಠಾತ್ತಾಗಿ ಬಿಟ್ಟಾಗ ಹಾಸಿಗೆಯಲ್ಲಿ ಕಾಲು ಝಾಡಿಸುತ್ತ ಹೊರಳಾಡುವುದಕ್ಕೂ ಇದೇ ನೀಲಿಯ ಚುಕ್ಕೆಯ ಪಾಲುಂಟು. ಅಫೀಮು ಅದನ್ನು ಅದುಮಿಟ್ಟಿರುತ್ತದೆ. ಕೈ ತೆಗೆದ ಕೂಡಲೆ ಅದು ಎರಡರಷ್ಟಾಗಿ ಕೂಗಾಡುತ್ತದೆ. ನಾರ್‌ಅಡ್ರಿನಲಿನ್ನಿನ ಸುರಿತವನ್ನು ತಗ್ಗಿಸುವ ಕ್ಲೊನಿಡಿನ್ ಆಗ ಸ್ವಲ್ಪ ಶಮನ ಕೊಡುತ್ತದೆ. ಚಟ ಬಿಡುವವನ ಒದ್ದಾಟವನ್ನು ನಾಟಕವೆನ್ನುವವರು ಇದನ್ನು ತಿಳಿದಿರಬೇಕು.

ಇನ್ನು, "ನಮಗೂ ರಾತ್ರಿಯಾದರೆ ಕಾಲು ಹೀಗೆಯೇ ಆಗುತ್ತದಲ್ಲ!" ಎಂದು ಇಲ್ಲಿ ಕೆಲವು ತಾಯಂದಿರು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದಾರೆ. ಅದು ಬೇರೆ, ಆದರೆ ದಾಯಾದಿ. ಹಗಲೆಲ್ಲ ಸುಮ್ಮನಿದ್ದು, ಸಂಜೆ ಕವಿದು ಮಲಗುವ ಹೊತ್ತಿಗೆ ಮೀನಖಂಡದೊಳಗೆ ಏನೋ ಹರಿದಾಡಿದಂತಾಗಿ, ಕಾಲು ಝಾಡಿಸಿದರೆ, ಎದ್ದು ನಾಲ್ಕು ಹೆಜ್ಜೆ ಇಟ್ಟರೆ, ಯಾರಾದರೂ ಒತ್ತಿದರೆ ಹಿತವೆನ್ನಿಸುವ ರೋಗವಿದು. ನಮ್ಮ ಅಜ್ಜಿ ಮೊಮ್ಮಕ್ಕಳನ್ನು ಸರದಿಯಿಂದ ಕಾಲ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದುದು ಇದಕ್ಕೇ ಇರಬೇಕೆಂದು ಈಗ ತೋರುತ್ತದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ೧೬೭೨ರಲ್ಲಿಯೇ ಇದನ್ನು ವರ್ಣಿಸಿ, ಅಫೀಮಿನ ಅರಕ ಕೊಟ್ಟು ಗುಣ ಕಂಡಿದ್ದನು. ೧೯೪೫ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಇದಕ್ಕೆ ನೆಮ್ಮದಿಗೆಟ್ಟ ಕಾಲುಗಳೆಂಬ ಹೆಸರು ಕೊಟ್ಟನು. ಇದರ ಬುಡದಲ್ಲಿ ಅನೇಕ ವೇಳೆ ಇರುವುದು ಕಬ್ಬಿಣದ ಕೊರತೆ. ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ರಕ್ತದ ಲೆಕ್ಕ ಸರಿಯಾಗಿ ಕಂಡರೂ ಮಿದುಳಿನ ಆ ಕರಿಯ ತಾಣದಲ್ಲಿ ಕಬ್ಬಿಣ ಕಡಿಮೆಯಿರುವುದನ್ನು ಚಿತ್ರ ತೆಗೆದು ತೋರಿಸಿದ್ದಾರೆ. ಬಸುರಿಯರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇದು ಹೆಚ್ಚು. ಆದಕಾರಣ ಇಂಥವರ ರಕ್ತದಲ್ಲಿ ಫೆರಿಟಿನ್ ಅಳೆದು, ೭೫ಕ್ಕೆ ಇಳಿದಿದ್ದರೆ ಅಥವಾ ಇನ್ನೂ ಕೆಳಗಿದ್ದರೆ ವೈದ್ಯರು ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ರಕ್ತಹೀನತೆಯಿಲ್ಲವೆಂದು ಹೇಳಿಸಿಕೊಂಡು ಬಂದವರೂ ಇದನ್ನು ಕೇಳಿ ನೋಡಬಹುದು.

ಡೋಪಮಿನ್ ಹೆಚ್ಚಿಸುವ ಗುಳಿಗೆಗಳೂ ಈ ಕಾಲುಗಳಿಗೆ ಮೊದಮೊದಲು ಮಂತ್ರದಂತೆ ಕೆಲಸ ಮಾಡುತ್ತವೆ. ಆದರೆ ವರ್ಷಗಳುರುಳಿದಂತೆ ಅನೇಕರಿಗೆ ಉಪದ್ರವ ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಮಧ್ಯಾಹ್ನಕ್ಕೆ, ಕಾಲಿನಿಂದ ಕೈಗೆ ಹಬ್ಬುತ್ತದೆ. ಸಾಲ ತೀರಿಸಲು ಸಾಲ ಮಾಡಿದವರ ಖಾತೆ ಹೀಗೆಯೇ ಬೆಳೆಯುವುದು. ಅದಕ್ಕಾಗಿ ಈಚೆಗೆ ವೈದ್ಯರು ಬೇರೆ ಜಾತಿಯ ಔಷಧಗಳನ್ನು ಮುಂದಿಡುತ್ತಾರೆ. ಇನ್ನೊಂದು ಮಾತು: ಡೋಪಮಿನ್ ತಡೆಯುವ ವಾಂತಿಯ ಗುಳಿಗೆಗಳು, ಪ್ರೊಕ್ಲೋರ್‌ಪೆರಜೀನ್, ಮೆಟೊಕ್ಲೊಪ್ರಮೈಡ್ ಮುಂತಾದವು, ಈ ರೋಗವಿದ್ದವರ ಕಾಲನ್ನು ಇನ್ನಷ್ಟು ಕೆರಳಿಸುತ್ತವೆ.

ನಾವು ವೈದ್ಯರಲ್ಲ, ಆದರೂ ನಮ್ಮ ಮಾತಿನಿಂದ ಕೇಡಾಗಬಾರದೆಂದು ಒಂದು ಅರಿಕೆ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ನಮ್ಮ ನಿಮ್ಮ ಮನೆಗಳಲ್ಲಿದ್ದಾರೆ, ಮುಚ್ಚಿಡುವುದೇಕೆ? ಅವರು ನಾಳೆ ಬೆಳಿಗ್ಗೆ ಗುಳಿಗೆ ನಿಲ್ಲಿಸಕೂಡದು. ಹಾಗೆ ಹಠಾತ್ತಾಗಿ ನಿಲ್ಲಿಸಿದ್ದರಿಂದಲೇ ಚಡಪಡಿಕೆ ಬರುವುದೂ ಉಂಟು. ಹೇಳಬೇಕಾದದ್ದು ವೈದ್ಯರಿಗೆ, ಅದೂ ಸ್ಪಷ್ಟವಾಗಿ: ಹೊಸ ಗುಳಿಗೆ ಆರಂಭಿಸಿದ ಮೇಲೆ, ಅಥವಾ ಪ್ರಮಾಣ ಏರಿಸಿದ ಮೇಲೆ, ಕೂಡಲಾಗುತ್ತಿಲ್ಲ. ಇದನ್ನು ಹೇಳದೆ, ರೋಗ ಉಲ್ಬಣವಾಗಿದೆ, ಗಲಾಟೆ ಹೆಚ್ಚಾಗಿದೆ ಎಂದಷ್ಟೇ ವರದಿ ಒಪ್ಪಿಸಿದರೆ, ಅದೇ ಗುಳಿಗೆಯ ಪ್ರಮಾಣ ಇನ್ನೂ ಏರಿ, ರೋಗಿ ಇನ್ನೂ ನಡೆಯುವನು. ಈ ಒಳಗಿನ ಹಿಂಸೆ ತಡೆಯಲಾರದೆ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಂದವರುಂಟೆಂದು ವೈದ್ಯಗ್ರಂಥಗಳು ಎಚ್ಚರಿಸುತ್ತವೆ. ಅಂಥ ಸೂಚನೆ ಕಂಡರೆ ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಅಂದೇ ಕರೆದುಕೊಂಡು ಹೋಗಬೇಕು. ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಇದು ಬರುವುದುಂಟು. ನಮ್ಮ ತಂದೆಯವರ ಗುಳಿಗೆಗಳನ್ನು ಮೇಜಿನ ಮೇಲೆ ಸುರಿಸಿದ ಹಾಗೆ, ವೈದ್ಯರ ಬಳಿಗೆ ಹೋಗುವಾಗ ಎಲ್ಲ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಒಯ್ಯುವುದು ಒಳ್ಳೆಯದು; ಹೆಸರು ಹೇಳಲು ಬಾರದಿದ್ದರೂ ಚಿಂತೆಯಿಲ್ಲ.

ತಂದೆಯವರ ಗುಳಿಗೆಯನ್ನು ಆ ತಜ್ಞೆ ಅಂದೇ ನಿಲ್ಲಿಸಿದರು. ಎರಡು ಮೂರು ದಿನ ಏನೂ ವ್ಯತ್ಯಾಸವಾಗಲಿಲ್ಲ. ನಾವು ಮತ್ತೆ ಊರ ಹಂಬಲದ ಕಡೆಗೆ ಜಾರುತ್ತಿದ್ದೆವು. ಎರಡನೆಯ ವಾರದ ಒಂದು ರಾತ್ರಿ ಅವರು ಊಟಕ್ಕೆ ಕುಳಿತು, ಮಜ್ಜಿಗೆಯನ್ನದ ತನಕ ಏಳಲಿಲ್ಲ. ಅದನ್ನು ಮೊದಲು ಗಮನಿಸಿದವರು ನಮ್ಮ ಮನೆಯವರು. ಮಾತನಾಡದೆ ಕಣ್ಣಿನಿಂದ ತೋರಿಸಿದರು. ಕೆಳಗಿನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ತಂದೆಯವರ ಹತ್ತಿರ ಕೇಳಲು ಇನ್ನೂ ಕೆಲವು ದಿನ ಬೇಕಾದವು.

ಕೇಳುವಾಗ ಹಗುರಮಾಡಲೆಂದು, "ಹಾಗಾದರೆ ಊರ ಹಂಬಲವೇನೂ ಇರಲಿಲ್ಲವಲ್ಲ, ಬರಿಯ ಗುಳಿಗೆಯ ಆಟ" ಎಂದೆವು. ಅವರು ಪತ್ರಿಕೆಯಿಂದ ಕಣ್ಣೆತ್ತದೆ, "ಕಾಲಿಗೆ ಗುಳಿಗಿ ಕಾರಣ ತಮ್ಮಾ. ಊರಿಂದು ಬ್ಯಾರೆ. ಅದನ್ನ ನೀವು ಕೇಳಾಕ ಇಲ್ಲ" ಎಂದರು.

ನವೆಂಬರಿನಲ್ಲಿ ಹುಬ್ಬಳ್ಳಿಯ ಗಾಡಿಗೆ ಟಿಕೆಟು ತೆಗೆಸಿದೆವು. ದಾದರಿನಲ್ಲಿ ಹತ್ತಿ ಕಿಟಕಿಯ ಬದಿಗೆ ಕುಳಿತವರು ಪುಣೆ ದಾಟಿದರೂ ಎದ್ದಿರಲಿಲ್ಲ.